ಒಬ್ಬನಿಗೆ ಮಾತ್ರ ಗೊತ್ತಿದ್ದ ಸತ್ಯ: ಇನ್ಸ್‌ಪೆಕ್ಟರ್ ಕ್ಲೂಸೋ ಮತ್ತು ಅವನ ಉತ್ತರಾಧಿಕಾರಿಗಳು



ಗಂಭೀರ ಪಾತ್ರವೊಂದನ್ನು ತಲೆಮಾರಿನಿಂದ ತಲೆಮಾರಿಗೆ ಬೇರೆ ಬೇರೆ ನಟರು ಆಡುತ್ತ ಬಂದರೆ ಅದನ್ನು ಪರಂಪರೆ ಎಂದು ಗೌರವಿಸುತ್ತೇವೆ. ಸಿನಿಮಾದ ನಗೆಪಾತ್ರವೊಂದನ್ನು ಎರಡನೆಯ ನಟ ಮುಟ್ಟಿದರೆ ಮಾತ್ರ ಅಪಚಾರವಾಯಿತೆಂದು ಗೊಣಗುತ್ತೇವೆ. ಯಾಕೆ ಹೀಗೆ ಎಂದು ಕೇಳಿದರೆ ಸಾಮಾನ್ಯವಾಗಿ ಸಿಗುವ ಉತ್ತರ ಒಂದೇ: ಬಿದ್ದು, ಎದ್ದು, ಮುಗ್ಗರಿಸಿ ನಗಿಸುವ ಆಂಗಿಕ ಹಾಸ್ಯ ನಟನ ಮೈಗೆ ಅಂಟಿಕೊಂಡದ್ದು, ಆ ಮೈ ಹೋದಮೇಲೆ ಪಾತ್ರವೂ ಹೋಯಿತು. ಈ ಉತ್ತರದಲ್ಲಿ ಸತ್ಯಾಂಶವಿದ್ದರೂ ಅದು ನಮ್ಮನ್ನು ಬಹಳ ಬೇಗ ಸಮಾಧಾನಪಡಿಸಿಬಿಡುತ್ತದೆ, ಮುಂದಿನ ವಿಚಾರಕ್ಕೆ ಬಾಗಿಲು ಹಾಕುತ್ತದೆ. ಇಂದು ಒಂದೇ ಒಂದು ಉದಾಹರಣೆಯನ್ನು ಹಿಡಿದು ಇದನ್ನು ಪರೀಕ್ಷಿಸಲು ಹೊರಟಿದ್ದೇನೆ. ಅದು ‘ಪಿಂಕ್ ಪ್ಯಾಂಥರ್’ ಚಿತ್ರಮಾಲೆಯ ಫ್ರೆಂಚ್ ಪತ್ತೇದಾರ ಇನ್ಸ್‌ಪೆಕ್ಟರ್ ಜಾಕ್ ಕ್ಲೂಸೋ. 1963ರಿಂದ 2009ರವರೆಗೆ ಹನ್ನೊಂದು ಚಿತ್ರಗಳು ಬಂದವು. ಕ್ಲೂಸೋ ಆಗಿ ನಟಿಸಿದ ಪೀಟರ್ ಸೆಲರ್ಸ್ ಬದುಕಿರುವಾಗ, ಅವರು ಒಲ್ಲೆನೆಂದಾಗ, ಅವರು ತೀರಿಹೋದ ಮೇಲೆ, ಕೊನೆಗೆ ಒಂದು ತಲೆಮಾರೇ ಕಳೆದ ಮೇಲೆ, ಹೀಗೆ ಎಲ್ಲ ಸನ್ನಿವೇಶಗಳಲ್ಲೂ ಈ ಪಾತ್ರಕ್ಕೆ ಮರುಜೀವ ಕೊಡುವ ಪ್ರಯತ್ನ ನಡೆದಿದೆ. ಹಾಸ್ಯದ ವಿಚಾರದಲ್ಲಿ ಇಷ್ಟು ಸ್ಪಷ್ಟವಾದ ಪ್ರಯೋಗಸಾಲು ಬೇರೆ ಸಿಗುವುದು ಕಷ್ಟ.

ಮೊದಲು ಹುಟ್ಟಿನ ಸಂಗತಿ. ಬ್ಲೇಕ್ ಎಡ್ವರ್ಡ್ಸ್ ನಿರ್ದೇಶಿಸಿದ 1963ರ ಮೂಲಚಿತ್ರದಲ್ಲಿ ಕ್ಲೂಸೋ ನಾಯಕನಲ್ಲ. ನಟರ ಪಟ್ಟಿಯಲ್ಲಿ ಮೊದಲ ಹೆಸರು ಡೇವಿಡ್ ನಿವೆನ್ ಅವರದು. ‘ಫ್ಯಾಂಟಮ್’ ಎಂಬ ಗುಪ್ತನಾಮದ ಸೊಗಸುಗಾರ ವಜ್ರಚೋರ ಸರ್ ಚಾರ್ಲ್ಸ್ ಲಿಟನ್ ಆಗಿ ಅವರೇ ಕಥೆಯ ಕೇಂದ್ರ. ಕ್ಲೂಸೋ ಪಾತ್ರವನ್ನು ಒಪ್ಪಿಕೊಂಡಿದ್ದವರು ಪೀಟರ್ ಉಸ್ತಿನೋವ್. ಚಿತ್ರೀಕರಣ ಇನ್ನೇನು ಶುರುವಾಗಬೇಕು ಎನ್ನುವಾಗ ಅವರು ಹಿಂದೆ ಸರಿದರು, ತರಾತುರಿಯಲ್ಲಿ ಸೆಲರ್ಸ್ ಬಂದರು. ಯಾವ ನಟನನ್ನು ಬಿಟ್ಟು ಈ ಪಾತ್ರವಿಲ್ಲ ಎನ್ನುತ್ತೇವೆಯೋ ಆ ನಟನೇ ಅದಕ್ಕೆ ಬದಲಿಯಾಗಿ ಬಂದವರು. ಅವರ ಪ್ರತಿಭೆ ಇದರಿಂದ ಕಿರಿದಾಗುವುದಿಲ್ಲ. ಮೊದಲ ದೃಶ್ಯದಲ್ಲೇ ತಿರುಗುತ್ತಿರುವ ಭೂಗೋಳದ ಮೇಲೆ ಠೀವಿಯಿಂದ ಕೈಯೂರಿ ದಬ್ಬನೆ ಬೀಳುವ ಆ ಮನುಷ್ಯ, ಎದ್ದಮೇಲೂ ತನ್ನ ಘನತೆಗೆ ಕೂದಲೆಳೆಯಷ್ಟೂ ಧಕ್ಕೆಯಾಗಿಲ್ಲವೆಂಬಂತೆ ನಡೆದುಕೊಳ್ಳುವುದು ಸೆಲರ್ಸ್ ಕೊಟ್ಟ ಕಾಣಿಕೆಯೇ. ಆದರೆ ಆ ಚಿತ್ರದಲ್ಲಿ ಅವನ ಸುತ್ತ ಏನಿದೆ ಎಂದು ನೋಡಿ. ಅವನ ಹೆಂಡತಿ ಸಿಮೋನ್ ಅವನು ಹುಡುಕುತ್ತಿರುವ ಕಳ್ಳನ ಪ್ರೇಯಸಿ ಮತ್ತು ಪಾಲುದಾರಳು. ಗಂಡ ಎಂಥವನೆಂದು ಅವಳಿಗೆ ಚೆನ್ನಾಗಿ ಗೊತ್ತು, ಹೊರಗಿನವರಿಗೆ ಗೊತ್ತಿಲ್ಲ. ಲೋಕದ ಕಣ್ಣಿಗೆ ಅವನು ಫ್ರಾನ್ಸಿನ ಗೌರವಾನ್ವಿತ ಪೊಲೀಸ್ ಅಧಿಕಾರಿ. ಕೊನೆಯಲ್ಲಿ ಕಳ್ಳತನದ ಆರೋಪ ಅವನ ತಲೆಗೇ ಬಂದು ಜೈಲಿಗೆ ಹೊರಟಾಗಲೂ ಜನ ಅವನನ್ನು ಮಹಾ ಚತುರ ಚೋರನೆಂದೇ ನಂಬುತ್ತಾರೆ.

ಮರುವರ್ಷ ಬಂದ ‘ಎ ಷಾಟ್ ಇನ್ ದ ಡಾರ್ಕ್’ ಈ ರಚನೆಯನ್ನು ಪೂರ್ಣಗೊಳಿಸಿತು. ಅದು ಕ್ಲೂಸೋಗಾಗಿ ಹೊಸೆದ ಕಥೆಯಲ್ಲ. ಮಾರ್ಸೆಲ್ ಅಶಾರ್ ಅವರ ಫ್ರೆಂಚ್ ನಾಟಕವೊಂದರ ಇಂಗ್ಲಿಷ್ ರೂಪವನ್ನು ತೆಗೆದುಕೊಂಡು ಎಡ್ವರ್ಡ್ಸ್ ಮತ್ತು ವಿಲಿಯಂ ಪೀಟರ್ ಬ್ಲ್ಯಾಟಿ ಅದರೊಳಕ್ಕೆ ಅವನನ್ನು ತಂದರು. ಈ ಚಿತ್ರದಲ್ಲಿ ಎರಡು ಹೊಸ ಪಾತ್ರಗಳು ಬಂದವು. ಒಂದು, ಯಜಮಾನನ ಅಪ್ಪಣೆಯಂತೆಯೇ ಹೊತ್ತುಗೊತ್ತಿಲ್ಲದೆ ಅವನ ಮೇಲೆರಗುವ ಸೇವಕ ಕೇಟೋ. ಇನ್ನೊಂದು, ನನ್ನ ವಾದಕ್ಕೆ ಮುಖ್ಯವಾದದ್ದು, ಮೇಲಧಿಕಾರಿ ಡ್ರೇಫಸ್. ಪಾತ್ರಧಾರಿ ಹರ್ಬರ್ಟ್ ಲೋಮ್. ಕ್ಲೂಸೋ ಶುದ್ಧ ದಡ್ಡನೆಂಬುದು ಡ್ರೇಫಸ್‌ನೊಬ್ಬನಿಗೆ ಗೊತ್ತು. ಸಿಮೋನ್‌ಗೆ ಈ ಸತ್ಯವನ್ನು ಮುಚ್ಚಿಡುವುದರಿಂದ ಲಾಭವಿತ್ತು. ಡ್ರೇಫಸ್‌ಗೆ ಇದನ್ನು ಕೂಗಿ ಹೇಳಬೇಕಾಗಿದೆ, ಕೇಳುವವರಿಲ್ಲ. ಅವನು ಕ್ಲೂಸೋನನ್ನು ತನಿಖೆಯಿಂದ ತೆಗೆದುಹಾಕುತ್ತಾನೆ, ಮೇಲಿನವರು ಮತ್ತೆ ಹಾಕುತ್ತಾರೆ. ಸಿಗಾರ್ ಕತ್ತರಿಸುವ ಪುಟ್ಟ ಯಂತ್ರದಲ್ಲಿ ತನ್ನ ಹೆಬ್ಬೆರಳನ್ನೇ ಕತ್ತರಿಸಿಕೊಳ್ಳುತ್ತಾನೆ. ಕಣ್ಣು ಅದುರಲಾರಂಭಿಸುತ್ತದೆ. ಕೊನೆಗೆ ಕ್ಲೂಸೋನನ್ನು ಕೊಲ್ಲಲೆಂದು ಇಟ್ಟ ಬಾಂಬು ನಿಜವಾದ ಅಪರಾಧಿಗಳನ್ನೆಲ್ಲ ಬಲಿ ತೆಗೆದುಕೊಂಡು, ಮೋಹದಿಂದ ಕುರುಡಾಗಿ, ಕೊಲೆಯ ಆರೋಪ ಹೊತ್ತ ಮರಿಯಾಳನ್ನು ನಿರಪರಾಧಿ ಎಂದು ಹಟ ಹಿಡಿದಿದ್ದ ಕ್ಲೂಸೋನ ಮಾತೇ ನಿಜವಾಗುತ್ತದೆ. ನನ್ನ ಪ್ರತಿಪಾದನೆ ಇದು: ಕ್ಲೂಸೋ ಹಾಸ್ಯದ ಬೇರು ಅವನ ಬೀಳುವಿಕೆಯಲ್ಲಾಗಲಿ, ಮೀಸೆಯಲ್ಲಾಗಲಿ, ತಿರುಚಿದ ಉಚ್ಚಾರಣೆಯಲ್ಲಾಗಲಿ ಇಲ್ಲ. ಅವನು ದಡ್ಡನೆಂಬುದು ಇಡೀ ಜಗತ್ತಿನಲ್ಲಿ ಒಬ್ಬನಿಗೆ ಮಾತ್ರ ತಿಳಿದಿದೆ, ಆ ತಿಳಿವು ಆ ಒಬ್ಬನನ್ನು ಹುಚ್ಚನನ್ನಾಗಿ ಮಾಡುತ್ತಿದೆ ಎಂಬ ಏರ್ಪಾಡಿನಲ್ಲಿದೆ. ಮರುನಿರ್ಮಾಣಗಳು ಸೋತದ್ದು ಈ ಏರ್ಪಾಡನ್ನು ಬಿಟ್ಟುಕೊಟ್ಟಲ್ಲಿ.

1970ರ ದಶಕದ ಮೂರು ಚಿತ್ರಗಳನ್ನು ಈ ದೃಷ್ಟಿಯಿಂದ ನೋಡಿದರೆ ಎಡ್ವರ್ಡ್ಸ್‌ಗೆ ತಮ್ಮ ಕೈಲಿರುವ ವಸ್ತು ಏನೆಂದು ಎಷ್ಟು ಚೆನ್ನಾಗಿ ಗೊತ್ತಿತ್ತು ಎಂಬುದು ಕಾಣುತ್ತದೆ. 1975ರ ಚಿತ್ರದಲ್ಲಿ ಬೀದಿ ಗಸ್ತಿಗೆ ಇಳಿಸಲ್ಪಟ್ಟ ಕ್ಲೂಸೋ, ಕುರುಡು ಭಿಕ್ಷುಕನೊಬ್ಬನ ಪರವಾನಗಿ ವಿಚಾರಿಸುತ್ತ ನಿಂತಿರುವಾಗ ಬೆನ್ನ ಹಿಂದೆ ಬ್ಯಾಂಕು ದರೋಡೆಯಾಗುತ್ತದೆ. ಆ ಭಿಕ್ಷುಕ ಕಳ್ಳರ ಕಾವಲುಗಾರ. ಕ್ಲೂಸೋನನ್ನು ಡ್ರೇಫಸ್ ಮನೆಗೆ ಕಳಿಸಬೇಕೆನ್ನುವಷ್ಟರಲ್ಲಿ ಲುಗಾಶ್ ಎಂಬ ಕಾಲ್ಪನಿಕ ದೇಶದ ಸರಕಾರ ಕಳುವಾದ ಪಿಂಕ್ ಪ್ಯಾಂಥರ್ ವಜ್ರ ಹುಡುಕಲು ಅವನೇ ಬೇಕೆಂದು ಕೇಳುತ್ತದೆ. 1976ರ ಚಿತ್ರದಲ್ಲಿ ಡ್ರೇಫಸ್ ಹುಚ್ಚಾಸ್ಪತ್ರೆಯಿಂದ ತಪ್ಪಿಸಿಕೊಂಡು, ವಿಜ್ಞಾನಿಯೊಬ್ಬನನ್ನು ಅಪಹರಿಸಿ, ಕಿರಣವೊಂದರಿಂದ ವಿಶ್ವಸಂಸ್ಥೆಯ ಕಟ್ಟಡವನ್ನೇ ಮಾಯ ಮಾಡಿ, ಕ್ಲೂಸೋನನ್ನು ಕೊಲ್ಲಿ ಎಂದು ರಾಷ್ಟ್ರಗಳನ್ನು ಬೆದರಿಸುತ್ತಾನೆ. ಒಂದು ಸತ್ಯವನ್ನು ಜಗತ್ತು ಒಪ್ಪದಿದ್ದರೆ ಜಗತ್ತನ್ನೇ ಸುಡಲು ಹೊರಡುವವನ ಚಿತ್ರ ಅದು. ರಾಷ್ಟ್ರಗಳು ಕಳಿಸಿದ ಕೊಲೆಗಾರರು ಮ್ಯೂನಿಕ್‌ನ ಬಿಯರ್ ಹಬ್ಬದ ಗದ್ದಲದಲ್ಲಿ ಒಬ್ಬರನ್ನೊಬ್ಬರು ಕೊಂದುಕೊಳ್ಳುತ್ತಾರೆ, ಕ್ಲೂಸೋ ಬಗ್ಗಿದ್ದು ಎದ್ದದ್ದಷ್ಟೇ ಅವನ ಸಾಹಸ. ಇವೆಲ್ಲಕ್ಕಿಂತ ನನಗೆ ದೊಡ್ಡದಾಗಿ ಕಾಣುವುದು 1978ರ ಚಿತ್ರದ ಶವಸಂಸ್ಕಾರದ ಪ್ರಸಂಗ. ಕ್ಲೂಸೋ ಸತ್ತನೆಂದು ಎಲ್ಲರೂ ನಂಬಿದ್ದಾರೆ. ಹಿಂದಿನ ಚಿತ್ರದ ಕೊನೆಯಲ್ಲಿ ಕರಗಿಹೋಗಿದ್ದ ಡ್ರೇಫಸ್ ಯಾವ ವಿವರಣೆಯೂ ಇಲ್ಲದೆ ಮರಳಿ ಬಂದಿದ್ದಾನೆ (ಪ್ರೇಕ್ಷಕರು ಇದನ್ನು ಪ್ರಶ್ನಿಸಲಿಲ್ಲವೆಂಬುದೇ ಅವನು ಎಷ್ಟು ಅನಿವಾರ್ಯ ಎಂಬುದಕ್ಕೆ ಸಾಕ್ಷಿ). ಮೃತನ ಗುಣಗಾನದ ಭಾಷಣ ಓದಬೇಕಾದವನು ಅವನೇ. ಧೈರ್ಯ, ಬುದ್ಧಿವಂತಿಕೆ, ಕರ್ತವ್ಯನಿಷ್ಠೆ ಎಂದು ಓದುತ್ತ ಓದುತ್ತ ಅವನಿಗೆ ನಗು ಉಕ್ಕಿಬರುತ್ತದೆ, ಮೈಯೆಲ್ಲ ಕುಲುಕುತ್ತದೆ, ನೆರೆದವರು ಅದನ್ನು ಬಿಕ್ಕಳಿಕೆ ಎಂದುಕೊಂಡು ತಾವೂ ಕಣ್ಣೊರೆಸಿಕೊಳ್ಳುತ್ತಾರೆ. ಆ ದೃಶ್ಯದ ನಗೆಗೆ ಸೆಲರ್ಸ್ ಬೀಳಬೇಕಾಗಿಲ್ಲ, ಏಳಬೇಕಾಗಿಲ್ಲ. ಸತ್ಯವೂ ಅದರ ಏಕೈಕ ಸಾಕ್ಷಿಯೂ ಇದ್ದರೆ ಸಾಕು, ಕ್ಲೂಸೋ ಹಾಸ್ಯ ತಾನಾಗಿ ನಡೆಯುತ್ತದೆ.

ನಟನೇ ಸರ್ವಸ್ವ ಎನ್ನುವವರು 1968ರ ‘ಇನ್ಸ್‌ಪೆಕ್ಟರ್ ಕ್ಲೂಸೋ’ ಚಿತ್ರವನ್ನು ಮುಂದಿಡುತ್ತಾರೆ. ಸೆಲರ್ಸ್ ಮತ್ತು ಎಡ್ವರ್ಡ್ಸ್ ಇಬ್ಬರೂ ‘ದ ಪಾರ್ಟಿ’ಯಲ್ಲಿ ತೊಡಗಿದ್ದ ಹೊತ್ತಿಗೆ, ನಿರ್ಮಾಪಕರು ಬಡ್ ಯಾರ್ಕಿನ್ ನಿರ್ದೇಶನದಲ್ಲಿ ಅಲನ್ ಆರ್ಕಿನ್ ಅವರಿಂದ ಆ ಪಾತ್ರ ಮಾಡಿಸಿದರು, ಚಿತ್ರ ಸೋತಿತು. ಆರ್ಕಿನ್ ಸಣ್ಣ ನಟರಲ್ಲ. ಆ ಚಿತ್ರದಲ್ಲೂ ಬ್ರಿಟನ್ ಸರಕಾರ ಕ್ಲೂಸೋನನ್ನು ನಂಬಿ ಕರೆಸಿಕೊಳ್ಳುತ್ತದೆ, ಅಂದರೆ ಏರ್ಪಾಡಿನ ಅರ್ಧಭಾಗ ಅಲ್ಲಿದೆ. ಇಲ್ಲದ್ದು ಡ್ರೇಫಸ್. ಸತ್ಯ ತಿಳಿದು ನರಳುವವನಿಲ್ಲದೆ ದಡ್ಡತನ ಬರಿಯ ಅವಘಡಗಳ ಸರಣಿಯಾಗುತ್ತದೆ. ಇದಕ್ಕಿಂತ ನಿರ್ಣಾಯಕವಾದ ಸಾಕ್ಷ್ಯ 1982ರದು. ಸೆಲರ್ಸ್ 1980ರ ಜುಲೈಯಲ್ಲಿ 54ನೆಯ ವಯಸ್ಸಿನಲ್ಲಿ ತೀರಿಕೊಂಡಿದ್ದರು. ಎಡ್ವರ್ಡ್ಸ್ ಹಳೆಯ ಚಿತ್ರಗಳಿಂದ ಕೈಬಿಟ್ಟಿದ್ದ ತುಣುಕುಗಳನ್ನು ಹೊಂದಿಸಿ ‘ಟ್ರೇಲ್ ಆಫ್ ದ ಪಿಂಕ್ ಪ್ಯಾಂಥರ್’ ಕಟ್ಟಿದರು. ಸೆಲರ್ಸ್ ಅವರ ಪತ್ನಿ ಲಿನ್ ಫ್ರೆಡ್ರಿಕ್ ನ್ಯಾಯಾಲಯಕ್ಕೆ ಹೋಗಿ ಹತ್ತು ಲಕ್ಷ ಡಾಲರಿಗೂ ಮೀರಿದ ಪರಿಹಾರ ಪಡೆದರು. ನೈತಿಕ ಪ್ರಶ್ನೆಯನ್ನು ಬದಿಗಿಟ್ಟು ಕಲೆಯ ಪ್ರಶ್ನೆಯನ್ನಷ್ಟೇ ಕೇಳೋಣ. ಆ ಚಿತ್ರದಲ್ಲಿ ಸಾಕ್ಷಾತ್ ಸೆಲರ್ಸ್ ಇದ್ದಾರೆ, ಅದೇ ಮೈ, ಅದೇ ಮೀಸೆ, ಅದೇ ಉಚ್ಚಾರಣೆ. ಹಾಸ್ಯ ನಟನ ಮೈಯಲ್ಲೇ ಇರುವುದಾದರೆ ಅದು ಅಲ್ಲಿ ಇರಬೇಕಿತ್ತು. ಆದರೆ ಅವರ ಚೇಷ್ಟೆಗಳು ಕಥೆಯಿಂದ ಕಳಚಿಬಿದ್ದು ಯಾವುದಕ್ಕೂ ತಗುಲದೆ ತೇಲುತ್ತವೆ, ನೋಡುವವರ ಮನಸ್ಸು ಕುಗ್ಗುತ್ತದೆ.

ಇಲ್ಲಿ ಬಲವಾದ ಆಕ್ಷೇಪವೊಂದು ಎದುರಾಗುತ್ತದೆ. ಸುತ್ತಲಿನ ಏರ್ಪಾಡೇ ಮುಖ್ಯವಾಗಿದ್ದರೆ 1983ರ ಮತ್ತು 1993ರ ಚಿತ್ರಗಳು ಗೆಲ್ಲಬೇಕಿತ್ತಲ್ಲ? ಎರಡಕ್ಕೂ ಎಡ್ವರ್ಡ್ಸ್ ನಿರ್ದೇಶನ, ಲೋಮ್ ಡ್ರೇಫಸ್, ಬರ್ಟ್ ಕ್ವೂಕ್ ಕೇಟೋ, ಹೆನ್ರಿ ಮ್ಯಾನ್ಸಿನಿ ಸಂಗೀತ. ಬದಲಾದದ್ದು ಕೇಂದ್ರದ ನಟ ಮಾತ್ರ. ಮೊದಲನೆಯದರಲ್ಲಿ ಟೆಡ್ ವಾಸ್, ಎರಡನೆಯದರಲ್ಲಿ ರಾಬರ್ಟೊ ಬೆನಿನ್ಯಿ. ಆಕ್ಷೇಪ ನ್ಯಾಯವಾದದ್ದು, ಆದರೆ ಕಥೆಗಳನ್ನು ಬಿಡಿಸಿ ನೋಡಿದರೆ ಬೇರೆಯದೇ ಕಾಣುತ್ತದೆ. 1983ರ ಚಿತ್ರದಲ್ಲಿ ಕಾಣೆಯಾದ ಕ್ಲೂಸೋನನ್ನು ಹುಡುಕಲು ಜಗತ್ತಿನ ಅತ್ಯುತ್ತಮ ಪತ್ತೇದಾರನನ್ನು ಕಂಪ್ಯೂಟರ್ ಮೂಲಕ ಆರಿಸಬೇಕಾಗುತ್ತದೆ; ಡ್ರೇಫಸ್ ಆ ಯಂತ್ರವನ್ನು ಕೆಡಿಸಿ ಅತ್ಯಂತ ಕೆಟ್ಟವನು ಬರುವಂತೆ ಮಾಡುತ್ತಾನೆ. ಹೀಗೆ ಆಯ್ಕೆಯಾದವನು ನ್ಯೂಯಾರ್ಕಿನ ಪೊಲೀಸ್ ಕ್ಲಿಫ್ಟನ್ ಸ್ಲೈ. ಈಗ ದಡ್ಡತನ ಡ್ರೇಫಸ್‌ನ ಸಂಕಟವಲ್ಲ, ಅವನ ಉಪಾಯ. ಅವನು ಅದಕ್ಕೆ ಬಲಿಯಾಗಿದ್ದವನು, ಈಗ ಅದನ್ನು ಬಳಸುವವನಾಗಿದ್ದಾನೆ. 1993ರ ಚಿತ್ರದಲ್ಲಿ ಬೆನಿನ್ಯಿ ಕ್ಲೂಸೋ ಮತ್ತು ಮರಿಯಾಳ ಮಗ. ಅವನ ಎಡವಟ್ಟುಗಳು ಅಪ್ಪನಿಂದ ಬಂದ ಆಸ್ತಿ, ಅವನನ್ನು ಕಂಡವರಿಗೆ ಅಪ್ಪನ ನೆನಪಾಗಬೇಕು, ಅದಕ್ಕಾಗಿಯೇ ಅವನಿದ್ದಾನೆ. ಹೆಸರುಗಳು ಅವೇ, ಮುಖಗಳು ಅವೇ, ಆದರೆ ಪರಸ್ಪರ ಸಂಬಂಧ ತಲೆಕೆಳಗಾಗಿದೆ. ಹಾಗಾಗಿ ಈ ಎರಡು ಸೋಲುಗಳು ನನ್ನ ವಾದವನ್ನು ಕೆಡವುವುದಿಲ್ಲ, ಅದನ್ನು ಇನ್ನಷ್ಟು ಖಚಿತಗೊಳಿಸುತ್ತವೆ.

ಇನ್ನು 2006ರ ಮರುನಿರ್ಮಾಣ. ನಿರ್ದೇಶನ ಷಾನ್ ಲೆವಿ. ಕ್ಲೂಸೋ ಸ್ಟೀವ್ ಮಾರ್ಟಿನ್, ಚಿತ್ರಕಥೆಯಲ್ಲೂ ಅವರ ಪಾಲಿದೆ. ಡ್ರೇಫಸ್ ಕೆವಿನ್ ಕ್ಲೈನ್. ಸಹಾಯಕ ಪೊಂಟೋನ್ ಆಗಿ ಜ್ಯಾಂ ರೆನೋ. ಚಿತ್ರ ಬಂದಾಗ ಬಹುಪಾಲು ಚರ್ಚೆ ಮಾರ್ಟಿನ್ ಸೆಲರ್ಸ್‌ಗೆ ಸಮವೇ ಎಂಬುದರ ಸುತ್ತಲೇ ಸುತ್ತಿತು. ಅದು ಮಾರ್ಟಿನ್‌ಗೂ ಅನ್ಯಾಯ, ವಿಷಯಕ್ಕೂ ಅನ್ಯಾಯ. ತಾನು ದಡ್ಡನೆಂದು ಕಿಂಚಿತ್ತೂ ಅರಿಯದ ಮನುಷ್ಯನನ್ನು ಆಡುವ ಶಕ್ತಿ ಅವರಲ್ಲಿ ಧಾರಾಳವಾಗಿತ್ತೆಂಬುದಕ್ಕೆ 1979ರ ‘ದ ಜರ್ಕ್’ ಸಾಕ್ಷಿ. ಕಪ್ಪು ಜನರ ಕುಟುಂಬದಲ್ಲಿ ಬೆಳೆದ ಬಿಳಿಯ ಯುವಕನೊಬ್ಬ ತಾನು ಸಾಕುಮಗನೆಂದು ಊಹಿಸಲೂ ಆರದೆ ದೊಡ್ಡವನಾಗುವ ಕಥೆ ಅದು. ದೋಷ ಚಿತ್ರಕಥೆಯ ಬುನಾದಿಯಲ್ಲಿದೆ. ಫುಟ್‌ಬಾಲ್ ತಂಡದ ತರಬೇತುದಾರ ಕೊಲೆಯಾಗುತ್ತಾನೆ, ಅವನ ಉಂಗುರದ ಪಿಂಕ್ ಪ್ಯಾಂಥರ್ ವಜ್ರ ಮಾಯವಾಗುತ್ತದೆ. ಡ್ರೇಫಸ್‌ಗೆ ರಾಷ್ಟ್ರೀಯ ಗೌರವ ಪದಕದ ಹಂಬಲ. ಪತ್ರಕರ್ತರ ಗಮನವನ್ನು ಬೇರೆಡೆ ಸೆಳೆಯಲು ಒಬ್ಬ ಮೂರ್ಖ ಬೇಕೆಂದು ಹಳ್ಳಿಯಿಂದ ಕ್ಲೂಸೋನನ್ನು ಕರೆಸುತ್ತಾನೆ, ಅವನ ಮೇಲೆ ಕಣ್ಣಿಡಲು ಪೊಂಟೋನ್‌ನನ್ನು ನೇಮಿಸುತ್ತಾನೆ. ಕಥೆ ಶುರುವಾಗುವ ಮೊದಲೇ ಎಲ್ಲವೂ ಬಯಲು! ಮುಂದೆ ವಿಮಾನ ನಿಲ್ದಾಣದ ಅವಾಂತರದ ನಂತರ ಪತ್ರಿಕೆಗಳೂ ಅವನನ್ನು ಗೇಲಿ ಮಾಡುತ್ತವೆ, ಅವನು ಕುಗ್ಗಿ ಕೂರುತ್ತಾನೆ, ನಾವು ಮರುಗಬೇಕಾಗುತ್ತದೆ. ಕೊನೆಯಲ್ಲಿ ಅವನೇ ಸೂಕ್ಷ್ಮವಾಗಿ ಯೋಚಿಸಿ ಕೊಲೆಗಾರನನ್ನೂ ವಜ್ರವನ್ನೂ ಪತ್ತೆ ಮಾಡಿ ಪದಕ ಗೆಲ್ಲುತ್ತಾನೆ. ಹಳೆಯ ಕ್ಲೂಸೋಗೆ ಯಾರ ಮರುಕವೂ ಬೇಕಿರಲಿಲ್ಲ, ಯಾಕೆಂದರೆ ತಾನು ಸೋತೆನೆಂದು ಅವನಿಗೆ ಯಾವತ್ತೂ ಅನಿಸಿರಲಿಲ್ಲ. ಕೇಟೋ ವಿಷಯದಲ್ಲೂ ಹೀಗೆಯೇ: ಸೇವಕ ಯಜಮಾನನ ಮೇಲೆ ಬೀಳುವ ಬದಲು, ಇಲ್ಲಿ ಕ್ಲೂಸೋ ಪೊಂಟೋನ್ ಮೇಲೆ ಬೀಳುತ್ತಾನೆ, ಪೊಂಟೋನ್ ಸಲೀಸಾಗಿ ಅವನನ್ನು ಕೆಡವುತ್ತಾನೆ. ಒಬ್ಬ ಬಲ್ಲವ, ಒಬ್ಬ ಅರಿಯದವ ಎಂಬುದು ಒಂದೇ ಏಟಿಗೆ ಇತ್ಯರ್ಥವಾಗುತ್ತದೆ. ಹಳೆಯ ಮನೆಯ ಕಾಳಗಗಳು ಮಾತ್ರ ಇತ್ಯರ್ಥವಾಗುತ್ತಲೇ ಇರಲಿಲ್ಲ, ಫೋನು ರಿಂಗಣಿಸಿದಾಗ ನಿಲ್ಲುತ್ತಿದ್ದವು ಅಷ್ಟೆ.

ಹೀಗಿದ್ದೂ ಆ ಚಿತ್ರದ ಒಂದು ದೃಶ್ಯ ನಿಜವಾಗಿ ನಗಿಸುತ್ತದೆ, ಅದನ್ನು ಮನಸಾರೆ ಒಪ್ಪಬೇಕು. ಅಮೆರಿಕಕ್ಕೆ ಹೊರಟ ಕ್ಲೂಸೋಗೆ ಉಚ್ಚಾರಣೆಯ ಶಿಕ್ಷಕಿಯೊಬ್ಬಳು ಹ್ಯಾಂಬರ್ಗರ್ ಕೊಳ್ಳುವ ಒಂದೇ ವಾಕ್ಯವನ್ನು ಕಲಿಸುವ ದೃಶ್ಯ. ಅವಳು ಹೇಳಿಕೊಡುತ್ತಾಳೆ, ಅವನು ತಿರುಚುತ್ತಾನೆ. ಮತ್ತೆ ಹೇಳಿಕೊಡುತ್ತಾಳೆ, ಮತ್ತೆ ತಿರುಚುತ್ತಾನೆ. ಅವಳ ಮುಖದಲ್ಲಿ ತಿರಸ್ಕಾರವಿಲ್ಲ. ಪಾಠ ಸಾಧ್ಯವೆಂದೇ ಅವಳು ನಂಬಿದ್ದಾಳೆ, ವಿದ್ಯೆ ಕೈಗೆ ಬಂತೆಂದೇ ಅವನೂ ನಂಬಿದ್ದಾನೆ. ಅವನ ಎದುರಿಗಿರುವವರು ಅವನನ್ನು ಗಂಭೀರವಾಗಿ ತೆಗೆದುಕೊಂಡ ಕ್ಷಣಕ್ಕೆ ಮಾರ್ಟಿನ್ ಕೂಡ ಕ್ಲೂಸೋ ಆಗಿಬಿಡುತ್ತಾರೆ. ನಟ ಬದಲಾದದ್ದು ಆಗ ನೆನಪಿಗೇ ಬರುವುದಿಲ್ಲ.

ಇನ್ನೊಂದು ಆಕ್ಷೇಪ ಹೀಗಿರಬಹುದು: ನಲವತ್ತು ವರ್ಷಗಳಲ್ಲಿ ಕ್ಲೂಸೋ ದಡ್ಡನೆಂಬುದು ಜಗತ್ತಿಗೆಲ್ಲ ಗೊತ್ತಾಗಿಹೋಗಿದೆ, ಹೊಸ ಚಿತ್ರದ ಲೋಕಕ್ಕೆ ಅದು ಗೊತ್ತಿಲ್ಲವೆಂದು ನಟಿಸುವುದು ಹೇಗೆ? ಕರ್ನಾಟಕದ ಸಭಿಕರಿಗೆ ಇದಕ್ಕೆ ಉತ್ತರ ಬಹಳ ಹತ್ತಿರದಲ್ಲಿದೆ. ಯಕ್ಷಗಾನದ ‘ಕೀಚಕ ವಧೆ’ಯನ್ನು ನೋಡಲು ಕೂತ ಪ್ರತಿಯೊಬ್ಬರಿಗೂ ಕತ್ತಲ ನಾಟ್ಯಶಾಲೆಯಲ್ಲಿ ಸೈರಂಧ್ರಿಯ ವೇಷದಲ್ಲಿ ಕಾದಿರುವವನು ಭೀಮನೆಂದು ಗೊತ್ತು. ಕೀಚಕನ ಪಾತ್ರಧಾರಿಗೂ ಗೊತ್ತು, ಭಾಗವತರಿಗೂ ಗೊತ್ತು. ಆದರೆ ಕೀಚಕ ಪ್ರತಿ ರಾತ್ರಿಯೂ ಅದನ್ನು ಅರಿಯದವನಾಗಿಯೇ ಸಿಂಗರಿಸಿಕೊಂಡು ಒಳಗೆ ಹೆಜ್ಜೆಯಿಡಬೇಕು. ಪ್ರೇಕ್ಷಕರ ತಿಳಿವಳಿಕೆ ರಂಗದ ಮೇಲಿರುವವರಿಗೆ ಸೋರಿಹೋದರೆ ಪ್ರಸಂಗ ಮುಗಿದಂತೆ. ಯಕ್ಷಗಾನದಲ್ಲಿ ಒಂದೇ ಪಾತ್ರವನ್ನು ಹತ್ತಾರು ಕಲಾವಿದರು ಆಡುತ್ತಾರೆ, ಹೋಲಿಸಿ ಚರ್ಚಿಸುತ್ತೇವೆ, ಆದರೆ ಮೊದಲ ಕಲಾವಿದನ ನಂತರ ಪಾತ್ರವೇ ಸತ್ತಿತೆಂದು ಯಾರೂ ಹೇಳುವುದಿಲ್ಲ. ಅಲ್ಲಿ ದಾಟಿ ಬರುವುದು ಇಡೀ ಪ್ರಸಂಗ: ಎದುರುಪಾತ್ರ, ಪದ್ಯ, ತಾಳ, ಯಾರಿಗೆ ಏನು ಗೊತ್ತು ಯಾರಿಗೆ ಗೊತ್ತಿಲ್ಲ ಎಂಬ ಕಟ್ಟು, ಎಲ್ಲವೂ. ಹಾಲಿವುಡ್ ಕ್ಲೂಸೋನ ವೇಷವನ್ನು ದಾಟಿಸಿತು, ಪ್ರಸಂಗವನ್ನು ಹಿಂದೆ ಬಿಟ್ಟಿತು.

ಹಣದ ಲೆಕ್ಕವನ್ನೂ ಎತ್ತಬಹುದು. 2006ರ ಚಿತ್ರ ಜಗತ್ತಿನಾದ್ಯಂತ 16 ಕೋಟಿ ಡಾಲರಿಗೂ ಹೆಚ್ಚು ಗಳಿಸಿತು. ಜನ ಒಪ್ಪಿದ್ದನ್ನು ತಪ್ಪೆನ್ನಲು ನಾವ್ಯಾರು ಎಂದು ಕೇಳುವವರಿದ್ದಾರೆ. ಮಕ್ಕಳೊಡನೆ ಬಂದ ಕುಟುಂಬಗಳು ನಕ್ಕು ಹೋದವು, ಅದು ಸಣ್ಣ ಮಾತಲ್ಲ. ಆದರೆ 2009ರಲ್ಲಿ ಹರಾಲ್ಡ್ ಜ್ವಾರ್ಟ್ ನಿರ್ದೇಶಿಸಿದ ಎರಡನೆಯ ಭಾಗ ಅದರ ಅರ್ಧದಷ್ಟನ್ನೂ ಮುಟ್ಟಲಿಲ್ಲ. ಆ ಹೊತ್ತಿಗೆ ಡ್ರೇಫಸ್ ಆಗಿ ಜಾನ್ ಕ್ಲೀಸ್ ಬಂದಿದ್ದರು. ಮಂಗಳೂರಿನಲ್ಲಿ ಹುಟ್ಟಿದ ಐಶ್ವರ್ಯಾ ರೈ ಬಚ್ಚನ್ ಅಪರಾಧಶಾಸ್ತ್ರದ ತಜ್ಞೆ ಸೋನಿಯಾಳ ಪಾತ್ರದಲ್ಲಿದ್ದರು. ಕೊನೆಗೆ ಕಳ್ಳಿ ಅವಳೇ ಎಂದು ತಿಳಿಯುತ್ತದೆ. ನೋಡಿ, ಇಲ್ಲಿ ಎಂಥ ಅವಕಾಶವಿತ್ತು. ಗುಟ್ಟೊಂದನ್ನು ಹೊತ್ತು ನಗುಮುಖದಿಂದ ಪಕ್ಕದಲ್ಲೇ ಇರುವ ಹೆಣ್ಣು, 1963ರ ಸಿಮೋನ್‌ಳ ಸ್ಥಾನವದು. ಚಿತ್ರ ಅದನ್ನು ಕೊನೆಯ ತಿರುವಿಗಷ್ಟೇ ಬಳಸಿ ಕೈಬಿಟ್ಟಿತು. ಹಲವು ದೇಶಗಳ ಪತ್ತೇದಾರರ ತಂಡವನ್ನು ಕಟ್ಟಿ, ಅವರೆಲ್ಲ ಕ್ಲೂಸೋನನ್ನು ಮೊದಲ ನೋಟಕ್ಕೇ ಅಳೆದುಬಿಡುವಂತೆ ಮಾಡಿತು.

ಮರುನಿರ್ಮಾಣ ಅಸಾಧ್ಯವೇ ಹಾಗಾದರೆ? 2025ರ ‘ದ ನೇಕೆಡ್ ಗನ್’ ಹಾಗೆ ಹೇಳಲು ಬಿಡುವುದಿಲ್ಲ. ಅದರ ಮೂಲ 1982ರಲ್ಲಿ ಆರೇ ಕಂತುಗಳಿಗೆ ನಿಂತುಹೋದ ‘ಪೊಲೀಸ್ ಸ್ಕ್ವಾಡ್’ ಎಂಬ ಟೆಲಿವಿಷನ್ ಸರಣಿ, ಮತ್ತು 1988ರಿಂದ ಬಂದ ಚಿತ್ರಗಳು. ನಾಯಕ ಫ್ರಾಂಕ್ ಡ್ರೆಬಿನ್ ಆಗಿದ್ದ ಲೆಸ್ಲಿ ನೀಲ್ಸನ್ 1980ರ ‘ಏರ್‌ಪ್ಲೇನ್’ ಬರುವವರೆಗೂ ಗಂಭೀರ ಪಾತ್ರಗಳಿಗೆ ಹೆಸರಾದವರು. ಡ್ರೆಬಿನ್‌ನ ಲೋಕದಲ್ಲಿ ಯಾರೂ ನಗುವುದಿಲ್ಲ. ಪೊಲೀಸ್ ಕಥೆಯ ಎಲ್ಲ ಗಾಂಭೀರ್ಯದೊಂದಿಗೆ ಅಸಂಬದ್ಧಗಳು ನಡೆದುಹೋಗುತ್ತವೆ. ಹೊಸ ಚಿತ್ರದ ನಿರ್ದೇಶಕ ಅಕಿವಾ ಷಾಫರ್ ನೀಲ್ಸನ್ ಹಾಗೆ ಮುಖ ಮಾಡುವ ಹಾಸ್ಯನಟನನ್ನು ಹುಡುಕಲಿಲ್ಲ. ‘ಟೇಕನ್’ನಂಥ ಚಿತ್ರಗಳಿಂದ ಪ್ರತೀಕಾರದ ಕಠೋರ ಮುಖವಾಗಿ ಜನಕ್ಕೆ ಪರಿಚಿತರಾದ ಲಿಯಂ ನೀಸನ್ ಅವರನ್ನು ತಂದರು. ಕಥೆಯಲ್ಲಿ ಅವರು ಡ್ರೆಬಿನ್‌ನ ಮಗ, ಬೆನಿನ್ಯಿಯ ಪಾತ್ರದಂತೆಯೇ. ಆದರೆ ಅಪ್ಪನನ್ನು ಈ ಲೋಕ ಮಹಾವೀರನೆಂದೇ ನೆನೆಯುತ್ತದೆ, ಮಗನೂ ಅವನ ಫಲಕದ ಮುಂದೆ ಭಕ್ತಿಯಿಂದ ಕೂರುತ್ತಾನೆ. ಮಗನಿಗೆ ಬಂದ ಆಸ್ತಿ ದಡ್ಡತನವಲ್ಲ, ಗೌರವ. ವಿಮರ್ಶಕರು ಬಹುಮಟ್ಟಿಗೆ ಮೆಚ್ಚಿದ ಈ ಚಿತ್ರವನ್ನು 1993ರ ಚಿತ್ರದ ಪಕ್ಕದಲ್ಲಿಟ್ಟರೆ ವ್ಯತ್ಯಾಸ ಎಲ್ಲಿದೆಯೆಂದು ಬೇರೆ ಹೇಳಬೇಕಾಗಿಲ್ಲ.

ಆದ್ದರಿಂದ ಯಾರಾದರೂ ಕ್ಲೂಸೋನನ್ನು ಇನ್ನೊಮ್ಮೆ ತೆರೆಗೆ ತರಲು ಹೊರಟರೆ ಮೊದಲು ಆರಿಸಬೇಕಾದ್ದು ಡ್ರೇಫಸ್‌ನನ್ನು. ಹರ್ಬರ್ಟ್ ಲೋಮ್ ಈ ಪಾತ್ರಕ್ಕೆ ಬರುವ ಮೊದಲು ‘ವಾರ್ ಅಂಡ್ ಪೀಸ್’ನಲ್ಲಿ ನೆಪೋಲಿಯನ್ ಆಗಿದ್ದರು, ‘ಮಿಸ್ಟೀರಿಯಸ್ ಐಲೆಂಡ್’ನಲ್ಲಿ ಕ್ಯಾಪ್ಟನ್ ನೆಮೊ ಆಗಿದ್ದರು, ‘ದ ಲೇಡಿಕಿಲ್ಲರ್ಸ್’ನಲ್ಲಿ ಇದೇ ಸೆಲರ್ಸ್ ಜೊತೆ ದರೋಡೆಗಾರನಾಗಿದ್ದರು. ನಗಿಸಬೇಕೆಂಬ ಆತುರ ಅವರ ಮುಖದಲ್ಲಿ ಎಂದೂ ಕಾಣದು. ಸಾಮ್ರಾಜ್ಯ ಆಳಿದ, ಸಮುದ್ರದಾಳ ಕಂಡ ಆ ಭಾರವಾದ ದನಿಯಲ್ಲಿ ಅವರು ಒಬ್ಬ ದಡ್ಡನ ಬಗ್ಗೆ ಸತ್ಯ ಹೇಳುತ್ತಾರೆ, ಕೋಣೆಯಲ್ಲಿರುವವರು ಅವರತ್ತ ಕನಿಕರದಿಂದ ನೋಡುತ್ತಾರೆ. ಆ ಕನಿಕರವನ್ನು ಚಿತ್ರಕಥೆಯಲ್ಲಿ ಬರೆಯಬಲ್ಲವರು ಸಿಕ್ಕಿದರೆ, ಮೀಸೆ ಅಂಟಿಸಿಕೊಳ್ಳುವ ನಟ ಯಾರೆಂಬುದನ್ನು ಆಮೇಲೆ ನಿರ್ಧರಿಸಬಹುದು.